ಎದುರಾಳಿಯ ಪರವಾಗಿ ಒಂದು ಪುಟ

ಧಾರವಾಡದಲ್ಲಿ ಕಾನೂನು ವಿದ್ಯಾರ್ಥಿಗಳೂ ಕಿರಿಯ ವಕೀಲರೂ ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಆಡುವಾಗ ದಾರಿ ತಪ್ಪಿದ ಕಡೆ ಸ್ವಲ್ಪ ತಿದ್ದಿದ್ದೇನೆ. ಎಲ್ಲ ಕಡೆಯೂ ಅಲ್ಲ.

ಗುರುಗಳೇ, ಹಿರಿಯ ವಕೀಲರೇ, ಗೆಳೆಯರೇ,

ಒಂದು ಪತ್ರದಿಂದ ಶುರು ಮಾಡುತ್ತೇನೆ. ಒಂದೇ ಹಾಳೆ. ತಲೆಯಲ್ಲಿ ಲಂಡನ್ನಿನ ಒಂದು ಲೆಕ್ಕಪರಿಶೋಧಕರ ಸಂಸ್ಥೆಯ ಹೆಸರು, ವಿಳಾಸ, ದೂರವಾಣಿ ಸಂಖ್ಯೆ. ಕೆಳಗೆ 1997ರ ಒಂದು ತಾರೀಖು. ಒಡಲಿನಲ್ಲಿ ಮೂರೇ ವಾಕ್ಯ. ಇಂಥ ಕಂಪನಿಯಲ್ಲಿ ಚಿಕ್ಕಪ್ಪನ ಹೆಸರಿನಲ್ಲಿರುವ ಷೇರುಗಳ ಪೈಕಿ ಅರ್ಧ ವಾಸ್ತವದಲ್ಲಿ ಅಣ್ಣನ ಮಗನಿಗೆ ಸೇರಿದ್ದು, ಚಿಕ್ಕಪ್ಪ ಅದನ್ನು ಅವನ ಪರವಾಗಿ ಇಟ್ಟುಕೊಂಡಿದ್ದಾರೆ ಅಷ್ಟೆ ಎಂದು ಅದರ ಸಾರಾಂಶ. ಇಪ್ಪತ್ತು ವರ್ಷ ಕಳೆದ ಮೇಲೆ ಆ ಕಂಪನಿಯ ಖಾತೆಯಿಂದ ದೊಡ್ಡ ದೊಡ್ಡ ಮೊತ್ತಗಳು ಒಂದರ ಹಿಂದೆ ಒಂದು ಹೊರಟು ಹೋಗಿದ್ದವು. ನಾವು ಚಿಕ್ಕಪ್ಪನ ಕಡೆ. ಅಣ್ಣನ ಮಗ ತೋರಿಸಿದ್ದು ಈ ಪತ್ರ. ಷೇರಿದ್ದ ಮಾತ್ರಕ್ಕೆ ಕಂಪನಿಯ ಹಣ ಎತ್ತಬಹುದೇ ಎಂದು ಮುಂದಿನ ಸಾಲಿನವರು ಕೇಳುವ ಮೊದಲೇ ಹೇಳಿಬಿಡುತ್ತೇನೆ: ಎತ್ತಲು ಬರುವುದಿಲ್ಲ. ಆದರೆ ಪತ್ರ ನಿಜವಾದರೆ ಅವನೊಬ್ಬ ಅವಸರದ ಪಾಲುದಾರ. ಸುಳ್ಳಾದರೆ ಕಥೆಯೇ ಬೇರೆ.

ಕಡತ ನನ್ನ ಮೇಜಿಗೆ ಬಂದಾಗ ನಾನು ಬ್ಯಾರಿಸ್ಟರ್ ಆಗಿ ನಾಲ್ಕನೇ ವರ್ಷ. ರಾತ್ರಿ ಹನ್ನೊಂದರ ಮೇಲೆ, ಆ ಪತ್ರವನ್ನು ಹತ್ತನೆಯ ಸಲವೋ ಹನ್ನೊಂದನೆಯ ಸಲವೋ ಓದುತ್ತಿದ್ದಾಗ ಕಣ್ಣು ದೂರವಾಣಿ ಸಂಖ್ಯೆಯ ಮೇಲೆ ನಿಂತಿತು. 020 7 ಎಂದು ಶುರುವಾಗುತ್ತಿತ್ತು. ಲಂಡನ್ನಿಗೆ 020 ಎಂಬ ಸಂಕೇತ ಪೂರ್ತಿಯಾಗಿ ಬಂದದ್ದು 2000ನೇ ಇಸವಿಯ ಏಪ್ರಿಲ್‌ನಲ್ಲಿ. ಅದಕ್ಕೆ ಮೊದಲು ನಗರದ ಒಳಭಾಗಕ್ಕೆ 0171, ಹೊರಭಾಗಕ್ಕೆ 0181. 1997ರಲ್ಲಿ ಬರೆದ ಪತ್ರದ ತಲೆಯಲ್ಲಿ 2000ದ ಸಂಖ್ಯೆ ಬರುವುದು ಹೇಗೆ? ಕುರ್ಚಿಯಿಂದ ಎದ್ದೇ ನಿಂತೆ. ಸಿಕ್ಕಿಬಿದ್ದ ಎಂದುಕೊಂಡೆ. ಖಾಲಿ ಚೇಂಬರ್ಸಿನಲ್ಲಿ, ಅಂದರೆ ಬ್ಯಾರಿಸ್ಟರುಗಳು ಹಂಚಿಕೊಳ್ಳುವ ಕಚೇರಿಯಲ್ಲಿ, ಆ ಸಂತೋಷವನ್ನು ಹಂಚಿಕೊಳ್ಳಲು ಕಸ ಗುಡಿಸುವವರನ್ನು ಬಿಟ್ಟು ಯಾರೂ ಇರಲಿಲ್ಲ.

ಆ ಪತ್ರಕ್ಕೆ ಮತ್ತೆ ಬರುತ್ತೇನೆ. ವಿವರಗಳನ್ನು ಗುರುತು ಸಿಗದಂತೆ ಬದಲಿಸಿದ್ದೇನೆ. ದೂರವಾಣಿ ಸಂಕೇತವೊಂದನ್ನು ಬಿಟ್ಟು.

ನನ್ನ ಊರು ಶಿರಸಿ. ಅಪ್ಪ ಅಲ್ಲಿ ಮೂವತ್ತೆಂಟು ವರ್ಷ ವಕೀಲಿ ಮಾಡಿದರು. ಅವರ ಕಕ್ಷಿದಾರರಲ್ಲಿ ಅರ್ಧ ಜನ ತೋಟದವರು, ಇನ್ನರ್ಧ ಅಡಿಕೆ ವ್ಯಾಪಾರದವರು. ನಾನು ಮೊದಲು ಕೇಳಿದ ವಾಣಿಜ್ಯ ವ್ಯಾಜ್ಯವೆಂದರೆ ಅಡಿಕೆ ಮೂಟೆ ಇಟ್ಟಿದ್ದ ಗೋದಾಮು ರಾತ್ರಿ ಬೆಳಗಾಗುವುದರೊಳಗೆ ಖಾಲಿಯಾದದ್ದು. ದಾವೆ ಗೆದ್ದರು, ಡಿಕ್ರಿ, ಅಂದರೆ ಕೋರ್ಟಿನ ಅಂತಿಮ ಆದೇಶ, ಬಂತು, ಗೋದಾಮಿನಲ್ಲಿ ಹೆಗ್ಗಣ ಬಿಟ್ಟು ಬೇರೇನೂ ಇರಲಿಲ್ಲ. ಭಾರತದಲ್ಲಿ ದಾವೆ ಹೂಡಿದವನ ಕಷ್ಟ ಶುರುವಾಗುವುದೇ ಡಿಕ್ರಿ ಸಿಕ್ಕ ಮೇಲೆ ಎಂದು, ಆಗ ನಮ್ಮ ಕೊನೆಯ ಮೇಲ್ಮನವಿ ನ್ಯಾಯಾಲಯವಾಗಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್ 1872ರಲ್ಲೇ, ದರ್ಭಾಂಗಾದ ಒಂದು ಮೊಕದ್ದಮೆಯಲ್ಲಿ ಹೇಳಿತ್ತು. ಅಪ್ಪ ಆ ಮಾತನ್ನು ಎಷ್ಟು ಸಲ ಹೇಳುತ್ತಿದ್ದರೆಂದರೆ ಅದು ಅವರದ್ದೇ ಎಂದು ನಾನು ತಿಳಿದಿದ್ದೆ. ಲಂಡನ್ನಿಗೆ ಹೋಗಿ, ಆ ಪ್ರಿವಿ ಕೌನ್ಸಿಲ್ ಇವತ್ತಿಗೂ ಕೂರುವ ಕಟ್ಟಡದ ಮುಂದೆ ನಿಂತಾಗ ಗೊತ್ತಾಯಿತು, ನನ್ನ ಕಸುಬೆಲ್ಲ ಆ ಒಂದು ಸಾಲಿನ ಸುತ್ತ ತಿರುಗುತ್ತದೆ ಎಂದು. ಹಣ ಹೋಗುವ ಮೊದಲು ಅದನ್ನು ಹಿಡಿದು ನಿಲ್ಲಿಸುವುದು ಹೇಗೆ?

ಇಂಗ್ಲೆಂಡಿನ ಪದ್ಧತಿಯನ್ನು ಬೇಗ ಹೇಳಿ ಮುಗಿಸುತ್ತೇನೆ. ಅಲ್ಲಿ ಕಕ್ಷಿದಾರ ಹೋಗುವುದು ಸಾಲಿಸಿಟರ್ ಹತ್ತಿರ. ಕಾಗದಪತ್ರ ಕಲೆಹಾಕುವುದು, ನೋಟಿಸ್ ಕಳುಹಿಸುವುದು, ಸಾಕ್ಷಿಗಳನ್ನು ಹುಡುಕುವುದು ಅವರ ಕೆಲಸ. ನ್ಯಾಯಾಲಯದಲ್ಲಿ ನಿಂತು ವಾದಿಸಲು, ವಾದಪತ್ರ ಬರೆಯಲು ಅವರು ಬ್ಯಾರಿಸ್ಟರನ್ನು ನೇಮಿಸುತ್ತಾರೆ. ಲಿಂಕನ್ಸ್ ಇನ್, ಇನ್ನರ್ ಟೆಂಪಲ್, ಮಿಡಲ್ ಟೆಂಪಲ್, ಗ್ರೇಸ್ ಇನ್ ಎಂಬ ನಾಲ್ಕು ಸಂಸ್ಥೆಗಳಲ್ಲಿ ಒಂದಕ್ಕೆ ಸೇರದೆ ಯಾರೂ ಬ್ಯಾರಿಸ್ಟರ್ ಆಗುವಂತಿಲ್ಲ. ಆಮೇಲೆ ಹನ್ನೆರಡು ತಿಂಗಳ ಪ್ಯುಪಿಲೇಜ್: ಮೊದಲ ಆರು ತಿಂಗಳು ಹಿರಿಯರ ನೆರಳಿನಂತೆ ಬಾಯಿ ಮುಚ್ಚಿ ತಿರುಗುವುದು, ಮುಂದಿನ ಆರು ತಿಂಗಳು ಸಣ್ಣಪುಟ್ಟ ಕೇಸುಗಳಲ್ಲಿ ತಾನೇ ನಿಲ್ಲುವುದು. ಚೇಂಬರ್ಸಿನವರಿಗೆ ಒಪ್ಪಿಗೆಯಾದರೆ ಅಲ್ಲಿ ಕಾಯಂ ಜಾಗ. ಸಂಬಳ ಇರುವುದಿಲ್ಲ, ಪ್ರತಿಯೊಬ್ಬರೂ ಸ್ವತಂತ್ರರು, ಬಾಡಿಗೆಯನ್ನೂ ಗುಮಾಸ್ತರ ಖರ್ಚನ್ನೂ ಹಂಚಿಕೊಳ್ಳುತ್ತಾರೆ.

ಈ ಗುಮಾಸ್ತರ ಬಗ್ಗೆ ಒಂದು ಮಾತು ಹೇಳದಿದ್ದರೆ ಅನ್ಯಾಯ. ನಮ್ಮ ಕಡೆ ವಕೀಲರು ಗುಮಾಸ್ತನನ್ನು ಇಟ್ಟುಕೊಂಡಿರುತ್ತಾರೆ. ಅಲ್ಲಿ ಗುಮಾಸ್ತನೇ ವಕೀಲರನ್ನು ಇಟ್ಟುಕೊಂಡಿದ್ದಾನೆ ಎನ್ನಿಸುತ್ತದೆ. ಯಾವ ಕೇಸು ಯಾರಿಗೆ, ಫೀಸು ಎಷ್ಟು, ನಾಳೆ ಬೆಳಿಗ್ಗೆ ನೀವು ಯಾವ ಊರಿನ ರೈಲು ಹತ್ತಬೇಕು, ಎಲ್ಲವನ್ನೂ ನಿರ್ಧರಿಸುವವನು ಅವನು. ನನ್ನ ಮೊದಲೆರಡು ವರ್ಷ ಹೀಗೆ ರೈಲಿನಲ್ಲೇ ಕಳೆಯಿತು. ಕ್ರಾಯ್ಡನ್ನಿನಲ್ಲಿ ಬಾಡಿಗೆ ಕಾರಿನ ಬಿಲ್ಲು, ಲೂಟನ್ನಿನಲ್ಲಿ ಅಡುಗೆಮನೆ ಕಟ್ಟಿದ ಗುತ್ತಿಗೆದಾರನ ಬಾಕಿ. ಬುಧವಾರ ಲಂಡನ್ನಿನಲ್ಲೇ ಇದ್ದರೆ, ಸಾಲ ತೀರಿಸದ ಕಂಪನಿಗಳನ್ನು ಮುಚ್ಚಿಸಲು ಕೋರುವ ಅರ್ಜಿಗಳ ಪಟ್ಟಿ. ಒಂದೇ ಬೆಳಿಗ್ಗೆ ಹತ್ತಾರು ಅರ್ಜಿ; ಒಂದೊಂದಕ್ಕೆ ಒಂದು ನಿಮಿಷ ಸಿಕ್ಕರೆ ಪುಣ್ಯ. ನಮ್ಮ ತಾಲ್ಲೂಕು ಕೋರ್ಟಿನಲ್ಲಿ ಬೆಳಗಿನ ಹೊತ್ತು ಹೆಸರು ಕೂಗಿ ವಾಯಿದೆ ಹಾಕುವ ಗಡಿಬಿಡಿ ನೋಡಿದವರಿಗೆ ಅದರಲ್ಲಿ ಹೊಸದೇನೂ ಇಲ್ಲ. ಆದರೆ ನಿಮಿಷದಲ್ಲಿ ಮಾತು ಮುಗಿಸುವುದನ್ನು ನಾನು ಕಲಿತದ್ದು ಅಲ್ಲಿಯೇ. ಗಾಂಧಿಯವರು 1891ರಲ್ಲಿ ಇನ್ನರ್ ಟೆಂಪಲಿನಿಂದ ಬ್ಯಾರಿಸ್ಟರ್ ಆಗಿ ಬಂದು, ಮುಂಬೈಯ ಸಣ್ಣ ದಾವೆಗಳ ನ್ಯಾಯಾಲಯದಲ್ಲಿ ಪಾಟೀಸವಾಲಿಗೆ ಎದ್ದು ನಿಂತು, ಮಾತೇ ಹೊರಡದೆ ಮೂವತ್ತು ರೂಪಾಯಿ ಫೀಸನ್ನು ವಾಪಸು ಕೊಟ್ಟದ್ದು ನಿಮಗೆಲ್ಲ ಗೊತ್ತು. ಲೂಟನ್ನಿನಲ್ಲಿ ಒಂದು ಬೆಳಿಗ್ಗೆ ನನಗೂ ಹಾಗೇ ಆಯಿತು. ಫೀಸು ಮಾತ್ರ ವಾಪಸು ಕೊಡಲಿಲ್ಲ.

ಇನ್ನೊಂದು ಪದ. 'ಜೂನಿಯರ್' ಎಂದರೆ ಅಲ್ಲಿ ವಯಸ್ಸಿನ ಲೆಕ್ಕವಲ್ಲ. ಕಿಂಗ್ಸ್ ಕೌನ್ಸೆಲ್ ಪದವಿ ಸಿಗುವವರೆಗೆ, ತಲೆಯೆಲ್ಲ ನೆರೆತಿದ್ದರೂ ನೀವು ಜೂನಿಯರೇ. ಆ ಪದವಿ ಬಂದವರು ರೇಷ್ಮೆ ಗೌನು ತೊಡುತ್ತಾರೆ, ಅದಕ್ಕೇ ಅವರನ್ನು 'ಸಿಲ್ಕ್' ಎನ್ನುವುದು. ದೊಡ್ಡ ವಾಣಿಜ್ಯ ಮೊಕದ್ದಮೆಯಲ್ಲಿ ಸಿಲ್ಕ್ ಒಬ್ಬರು, ಅವರ ಕೈಕೆಳಗೆ ಇಬ್ಬರೋ ಮೂವರೋ ಜೂನಿಯರುಗಳು. ಸಿಲ್ಕ್ ಮಾತನಾಡುತ್ತಾರೆ. ಜೂನಿಯರ್ ಓದುತ್ತಾನೆ. ಈ ಓದಿಗೆ ಕೊನೆಯಿಲ್ಲ: ಲಕ್ಷಗಟ್ಟಲೆ ಇಮೇಲ್, ಬ್ಯಾಂಕ್ ಲೆಕ್ಕ, ಸಭೆಯ ನಡಾವಳಿ. ಓದಿ ಓದಿ ಜೂನಿಯರ್ ಮೊದಲು ತಯಾರಿಸುವುದು ತಾರೀಖುಗಳ ಪಟ್ಟಿ. ಯಾವ ದಿನ ಏನಾಯಿತು, ಯಾವ ಕಾಗದ ಅದನ್ನು ಹೇಳುತ್ತದೆ. ಮೋಸದ ಕೇಸುಗಳು ನಿಲ್ಲುವುದೂ ಬೀಳುವುದೂ ಈ ಪಟ್ಟಿಯ ಮೇಲೆ. ಸುಳ್ಳು ಹೇಳುವವನು ಸಂಗತಿಗಳನ್ನು ಚೆನ್ನಾಗಿ ಹೊಂದಿಸುತ್ತಾನೆ, ತಾರೀಖುಗಳನ್ನು ಹೊಂದಿಸಲಾರ.

ಈಗ ಹಣ ಹಿಡಿದು ನಿಲ್ಲಿಸುವ ವಿಷಯ. ಇದರಲ್ಲಿ ನಮಗೆ ಹೆಮ್ಮೆಪಡಲು ಒಂದು ಕಾರಣವಿದೆ. ನಮ್ಮ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 38, ನಿಯಮ 5 ನೋಡಿ: ಪ್ರತಿವಾದಿ ಡಿಕ್ರಿಯನ್ನು ತಪ್ಪಿಸಲು ಆಸ್ತಿಯನ್ನು ಸಾಗಿಸುತ್ತಿದ್ದರೆ ತೀರ್ಪಿಗೆ ಮೊದಲೇ ಜಪ್ತಿ ಮಾಡಬಹುದು. ನಮಗೆ ಆ ಸಂಹಿತೆಯನ್ನು ಬರೆದುಕೊಟ್ಟ ಇಂಗ್ಲಿಷರಿಗೆ ತಮ್ಮ ನ್ಯಾಯಾಲಯಗಳಲ್ಲಿ ಅಂಥದ್ದೊಂದು ಉಪಾಯ ಇರಲಿಲ್ಲ. ಲಿಸ್ಟರ್ ವಿರುದ್ಧ ಸ್ಟಬ್ಸ್ ಎಂಬ 1890ರ ತೀರ್ಪು ಅಡ್ಡವಾಗಿ ಮಲಗಿತ್ತು: ಸಾಲ ಇದೆ ಎಂದು ಸಾಬೀತಾಗುವ ಮೊದಲು ಸಾಲಗಾರನ ಹಣಕ್ಕೆ ಕೈಹಾಕುವಂತಿಲ್ಲ. ಆ ಗೋಡೆ ಒಡೆದದ್ದು 1975ರಲ್ಲಿ. ಅದನ್ನು ಒಡೆದದ್ದರಲ್ಲಿ ಭಾರತಕ್ಕೆ ಬರುತ್ತಿದ್ದ ಗೊಬ್ಬರದ ಪಾಲೂ ಇದೆ.

'ಮರೇವಾ' ಎಂಬ ಹಡಗು. ಮಾಲೀಕರು ಅದನ್ನು ಒಂದು ಕಂಪನಿಗೆ ಬಾಡಿಗೆಗೆ ಕೊಟ್ಟಿದ್ದರು. ಅರ್ಧ ತಿಂಗಳಿಗೊಮ್ಮೆ ಮುಂಗಡ ಬಾಡಿಗೆ. ಆ ಕಂಪನಿ ಹಡಗನ್ನು ಒಳಬಾಡಿಗೆಗೆ ಕೊಟ್ಟದ್ದು ಭಾರತದ ರಾಷ್ಟ್ರಪತಿಗಳಿಗೆ, ಅಂದರೆ ನಮ್ಮ ಸರ್ಕಾರಕ್ಕೆ. ಫ್ರಾನ್ಸಿನ ಬೋರ್ಡೋದಿಂದ ಭಾರತಕ್ಕೆ ರಸಗೊಬ್ಬರ ತರಲು. ಲಂಡನ್ನಿನಲ್ಲಿದ್ದ ಭಾರತದ ಹೈಕಮಿಷನ್ ಸಾಗಣೆ ವೆಚ್ಚದಲ್ಲಿ ಶೇಕಡಾ ತೊಂಬತ್ತು ಭಾಗವನ್ನು ಬಾಡಿಗೆದಾರ ಕಂಪನಿಯ ಲಂಡನ್ ಬ್ಯಾಂಕ್ ಖಾತೆಗೆ ಚೊಕ್ಕಟವಾಗಿ ಕಟ್ಟಿತು, 1,74,000 ಪೌಂಡ್. ಕಂಪನಿ ಅದನ್ನು ಒಳಗೆ ಹಾಕಿಕೊಂಡು ಹಡಗಿನ ಮಾಲೀಕರಿಗೆ ಎರಡು ಕಂತು ಕೊಟ್ಟು ಮೂರನೆಯದಕ್ಕೆ ಕೈಯೆತ್ತಿತು. ಗೊಬ್ಬರ ಸಮುದ್ರದ ಮೇಲೆ, ಹಣ ಬ್ಯಾಂಕಿನಲ್ಲಿ. ಆ ಹಣ ಯಾವ ಕ್ಷಣದಲ್ಲಾದರೂ ದೇಶ ಬಿಡಬಹುದು. ಮಾಲೀಕರು ನ್ಯಾಯಾಲಯಕ್ಕೆ ಓಡಿದರು. ನ್ಯಾಯಮೂರ್ತಿ ಡೊನಾಲ್ಡ್‌ಸನ್ ಅವರಿಗೆ ಹಳೆಯ ತೀರ್ಪು ನೆನಪಿತ್ತು. ಆದರೂ ಜೂನ್ 23ರ ಸಂಜೆ ಐದು ಗಂಟೆಯವರೆಗೆ ಮಾತ್ರ ತಡೆ ಕೊಟ್ಟರು. ಸಂಜೆ ಐದರವರೆಗೆ! ಅದೇ ದಿನ ಮೇಲ್ಮನವಿ ನ್ಯಾಯಾಲಯದಲ್ಲಿ ಲಾರ್ಡ್ ಡೆನಿಂಗ್ ತಡೆಯನ್ನು ಮುಂದುವರಿಸಿದರು. ಅಲ್ಲಿಂದ ಅಂಥ ಆದೇಶಕ್ಕೆ ಆ ಹಡಗಿನ ಹೆಸರೇ ನಿಂತಿತು; ಈಗ ಅದನ್ನು ಫ್ರೀಜಿಂಗ್ ಆರ್ಡರ್ ಎನ್ನುತ್ತಾರೆ.

ನಮ್ಮ ಜಪ್ತಿಗೂ ಇದಕ್ಕೂ ಒಂದು ವ್ಯತ್ಯಾಸ ಗಮನಿಸಿ. ಜಪ್ತಿ ಆಸ್ತಿಯ ಮೇಲೆ ಬೀಳುತ್ತದೆ. ಫ್ರೀಜಿಂಗ್ ಆರ್ಡರ್ ಮನುಷ್ಯನ ಮೇಲೆ. ಆಸ್ತಿ ಇದ್ದಲ್ಲೇ ಇರುತ್ತದೆ, ಅದನ್ನು ಅಲುಗಾಡಿಸಿದರೆ ನೀನು ಜೈಲಿಗೆ ಎಂದು ಆದೇಶದ ಮೊದಲ ಪುಟದಲ್ಲೇ ದಪ್ಪಕ್ಷರದಲ್ಲಿ ಇರುತ್ತದೆ. ಮನುಷ್ಯನ ಮೇಲೆ ಬೀಳುವುದರಿಂದ ಅದು ಗಡಿ ದಾಟಿಯೂ ಹೋಗಬಲ್ಲದು. ಕಝಾಕಿಸ್ತಾನದ ಬಿಟಿಎ ಬ್ಯಾಂಕಿನ ಮೊಕದ್ದಮೆಯಲ್ಲಿ ಅದರ ಮಾಜಿ ಅಧ್ಯಕ್ಷ ಮುಖ್ತಾರ್ ಅಬ್ಲ್ಯಾಜೋವ್ ಆಸ್ತಿಗಳನ್ನು ಬಚ್ಚಿಟ್ಟದ್ದಕ್ಕೆ 2012ರಲ್ಲಿ ಇಪ್ಪತ್ತೆರಡು ತಿಂಗಳ ಶಿಕ್ಷೆ ಆಯಿತು. ಶಿಕ್ಷೆ ಅನುಭವಿಸಲು ಅವರು ಸಿಗಲಿಲ್ಲ. ಅಷ್ಟರಲ್ಲಿ ಬ್ರಿಟನ್ ಬಿಟ್ಟಾಗಿತ್ತು.

ಬೆಂಗಳೂರಿನವರಿಗೆ ಇದರ ಪರಿಚಯ ಆದದ್ದು ವಿಜಯ್ ಮಲ್ಯ ಅವರ ಪ್ರಕರಣದಿಂದ. ಬೆಂಗಳೂರಿನ ಸಾಲ ವಸೂಲಾತಿ ನ್ಯಾಯಮಂಡಳಿ 2017ರ ಜನವರಿಯಲ್ಲಿ ಕೊಟ್ಟ ಆದೇಶವನ್ನು ಸ್ಟೇಟ್ ಬ್ಯಾಂಕ್ ಮುಂದಾಳತ್ವದ ಹದಿಮೂರು ಬ್ಯಾಂಕುಗಳು ಲಂಡನ್ನಿನ ಹೈಕೋರ್ಟಿನಲ್ಲಿ ನೋಂದಾಯಿಸಿದವು; ಜಗತ್ತಿನಾದ್ಯಂತ ಅನ್ವಯಿಸುವ ಫ್ರೀಜಿಂಗ್ ಆರ್ಡರ್ ಪಡೆದವು. 2018ರ ಮೇ ತಿಂಗಳಲ್ಲಿ ಅದನ್ನು ತೆರವುಗೊಳಿಸಲು ನ್ಯಾಯಾಲಯ ಒಪ್ಪಲಿಲ್ಲ. ಮೊತ್ತ ನೂರಾ ಹದಿನಾಲ್ಕು ಕೋಟಿ ಪೌಂಡಿಗೂ ಹೆಚ್ಚು. ಆ ಸುದ್ದಿಯಲ್ಲಿ ನಮ್ಮ ಊರಿನವರಿಗೆ ಹೊಟ್ಟೆ ಉರಿಸಿದ್ದು ಬೇರೆ: ಜೀವನ ವೆಚ್ಚಕ್ಕೆಂದು ವಾರಕ್ಕೆ 18,325 ಪೌಂಡ್ ತೆಗೆದುಕೊಳ್ಳಲು ಅವರಿಗೆ ಅವಕಾಶ ಇತ್ತು. ಅಪ್ಪ ಫೋನ್ ಮಾಡಿ ಕೇಳಿದರು, "ಇದು ತಡೆಯಾಜ್ಞೆಯೋ, ಪಿಂಚಣಿಯೋ?" ನಾನು ವಿವರಿಸಿದೆ. ಫ್ರೀಜಿಂಗ್ ಆರ್ಡರ್ ಎನ್ನುವುದು ಶಿಕ್ಷೆಯಲ್ಲ, ಅಡವೂ ಅಲ್ಲ. ಪ್ರತಿವಾದಿ ಇದುವರೆಗೆ ಹೇಗೆ ಬದುಕುತ್ತಿದ್ದನೋ ಹಾಗೆ ಬದುಕಬಹುದು, ವಕೀಲರಿಗೆ ಫೀಸು ಕೊಡಬಹುದು. ತೀರ್ಪನ್ನು ಪೊಳ್ಳು ಮಾಡಲು ಹಣ ಸಾಗಿಸುವುದನ್ನಷ್ಟೇ ಅದು ತಡೆಯುತ್ತದೆ. ಅಪ್ಪನಿಗೆ ಸಮಾಧಾನವಾಗಲಿಲ್ಲ. ನನಗೂ ಪೂರ್ತಿ ಆಗಿಲ್ಲ ಎಂದು ನಿಮ್ಮ ಮುಂದೆ ಒಪ್ಪಿಕೊಳ್ಳುತ್ತೇನೆ.

ಇಂಥ ಆದೇಶ ಪಡೆಯುವುದು ಹೇಗೆಂದರೆ, ಎದುರಾಳಿಗೆ ಗೊತ್ತಾಗದಂತೆ. ಗೊತ್ತಾದರೆ ಸಂಜೆಯೊಳಗೆ ಹಣ ಹಾರಿರುತ್ತದೆ. ಫೆಟರ್ ಲೇನ್‌ನಲ್ಲಿರುವ ರೋಲ್ಸ್ ಬಿಲ್ಡಿಂಗ್ ಎಂಬ ಗಾಜಿನ ಕಟ್ಟಡದಲ್ಲಿ, ನ್ಯಾಯಾಧೀಶರ ಮುಂದೆ ನೀವು ಒಬ್ಬರೇ. ಎದುರಿನ ಮೇಜು ಖಾಲಿ. ನನ್ನ ಇವತ್ತಿನ ಮಾತೆಲ್ಲ ಆ ಖಾಲಿ ಮೇಜಿನ ಬಗ್ಗೆ.

ಎದುರಾಳಿ ಇಲ್ಲದಾಗ ಅವನ ಪರವಾಗಿ ಮಾತನಾಡುವ ಹೊಣೆ ನಿಮ್ಮದು. ನಿಮ್ಮ ಕೇಸಿನ ದೋಷಗಳನ್ನು, ಅವನು ಇದ್ದಿದ್ದರೆ ಹೇಳಬಹುದಾಗಿದ್ದ ಉತ್ತರಗಳನ್ನು, ನಿಮಗೆ ವಿರುದ್ಧವಾದ ಕಾಗದಗಳನ್ನು ನೀವೇ ಎತ್ತಿ ನ್ಯಾಯಾಧೀಶರ ಮುಂದೆ ಇಡಬೇಕು. ಗೊತ್ತಿದ್ದದ್ದನ್ನಷ್ಟೇ ಅಲ್ಲ, ಸರಿಯಾಗಿ ವಿಚಾರಿಸಿದ್ದರೆ ಗೊತ್ತಾಗಬಹುದಾಗಿದ್ದದ್ದನ್ನೂ. ಸುಮ್ಮನೆ ಪುಟಗಳ ರಾಶಿಯಲ್ಲಿ ಎಲ್ಲೋ ಸೇರಿಸಿಟ್ಟರೆ ಆಗುವುದಿಲ್ಲ, ಬೆರಳಿಟ್ಟು ತೋರಿಸಬೇಕು. ಇದರ ಮೂಲ ಹುಡುಕಿಕೊಂಡು ಹೋದರೆ ಒಬ್ಬ ರಾಜಕುಮಾರಿ ಸಿಗುತ್ತಾರೆ. ಹೊಲಿಗೆ ಯಂತ್ರದ ಸಿಂಗರ್ ಅವರ ಮಗಳು, ಮದುವೆಯಿಂದ ಪ್ರಿನ್ಸೆಸ್ ಎಡ್ಮಂಡ್ ಡಿ ಪೋಲಿಗ್ನ್ಯಾಕ್. ಆದಾಯ ತೆರಿಗೆಯ ವಿಷಯದಲ್ಲಿ ಕೆನ್ಸಿಂಗ್ಟನ್ ಕಮಿಷನರುಗಳ ವಿರುದ್ಧ ಆಕೆ ನ್ಯಾಯಾಲಯಕ್ಕೆ ಹೋದಾಗ ಲಂಡನ್ನಿನ ಮನೆಯೊಂದರ ಬಗ್ಗೆ ಪೂರ್ತಿ ಸಂಗತಿ ಹೇಳಲಿಲ್ಲ. 1917ರಲ್ಲಿ ವರದಿಯಾದ ಆ ತೀರ್ಪಿನಲ್ಲಿ ನ್ಯಾಯಾಲಯ ಆಕೆಯ ವಾದದಲ್ಲಿ ಹುರುಳಿದೆಯೇ ಎಂದು ನೋಡಲೇ ಇಲ್ಲ. ಮುಚ್ಚಿಟ್ಟು ಬಂದವರ ಅಹವಾಲು ಕೇಳುವುದಿಲ್ಲ ಎಂದು ಕಳುಹಿಸಿತು. ನಮ್ಮ ಸುಪ್ರೀಂ ಕೋರ್ಟ್ ಕೂಡ 2008ರಲ್ಲಿ, ಸ್ಟೀಲ್ ಅಥಾರಿಟಿಯ ಒಂದು ಪ್ರಕರಣದಲ್ಲಿ, ಈ ರಾಜಕುಮಾರಿಯನ್ನು ನೆನೆದಿದೆ. ಶುದ್ಧ ಹಸ್ತದಿಂದ ಬರಬೇಕು ಎಂದು ನಾವು ಪ್ರತಿ ಆಕ್ಷೇಪಣೆಯಲ್ಲೂ ಬರೆಯುತ್ತೇವಲ್ಲ, ಆ ಮಾತು ಹೊಲಿಗೆ ಯಂತ್ರದ ಮನೆಯಿಂದಲೂ ಬಂದಿದೆ.

ಇಲ್ಲಿ ನಮ್ಮವರ ಮೇಲೆ ಒಂದು ದೂರು ಹೇಳಲೇ? ಏಕಪಕ್ಷೀಯ ತಡೆಯಾಜ್ಞೆ ನಮ್ಮ ಕೋರ್ಟುಗಳಲ್ಲಿ ದಿನನಿತ್ಯದ ಮಾತು. ಎದುರಾಳಿಗೆ ನೋಟಿಸ್ ಕೊಡದೆ ತಡೆ ಕೊಡುವಾಗ ಕಾರಣ ಬರೆಯಬೇಕು ಎಂದು ಆದೇಶ 39ರ ನಿಯಮ 3 ಹೇಳುತ್ತದೆ. ನ್ಯಾಯಾಧೀಶರು ಬರೆಯುತ್ತಾರೆ. ನಮ್ಮ ಅಫಿಡವಿಟ್ಟುಗಳಲ್ಲಿ ಎದುರಾಳಿ ಏನು ಹೇಳಬಹುದು ಎಂಬ ಒಂದು ಪ್ಯಾರಾವನ್ನು ನಾನು ಶಿರಸಿಯಲ್ಲೂ ಕಂಡಿಲ್ಲ, ಬೆಂಗಳೂರಿನಲ್ಲೂ ಕಂಡಿಲ್ಲ. ಅಪ್ಪನ ಕಡತಗಳಲ್ಲೂ ಇಲ್ಲ. ಹಾಗೆ ಬರೆದರೆ ಕಕ್ಷಿದಾರ ಮರುದಿನವೇ ವಕಾಲತ್ತು ಬದಲಿಸುತ್ತಾನೆ ಎಂದರು ಅಪ್ಪ. ನಿಜವಿರಬಹುದು. ಲಂಡನ್ನಿನ ಕಕ್ಷಿದಾರರಿಗೂ ಅದು ಇಷ್ಟವಾಗುವುದಿಲ್ಲ. "ನಾನು ದುಡ್ಡು ಕೊಡುವುದು ನಿಮಗೆ, ನೀವು ಮಾತನಾಡುವುದು ಅವನ ಪರ" ಎಂದು ಬಾಯಿಬಿಟ್ಟು ಕೇಳಿದವರಿದ್ದಾರೆ. ಅವರಿಗೆ ನಾನು ಹೇಳುವುದು ದುಡ್ಡಿನ ಭಾಷೆಯಲ್ಲೇ. ತಡೆ ಕೇಳುವವರು ಒಂದು ಮುಚ್ಚಳಿಕೆ ಬರೆದುಕೊಡಬೇಕು: ಆದೇಶ ತಪ್ಪಾಗಿತ್ತು ಎಂದಾದರೆ ಅದರಿಂದ ಎದುರಾಳಿಗಾದ ನಷ್ಟ ತುಂಬಿಕೊಡುತ್ತೇವೆ ಎಂದು. ಫಿಯೋನಾ ಟ್ರಸ್ಟ್ ಎಂಬ ರಷ್ಯನ್ ಹಡಗು ಕಂಪನಿಗಳ ಮೊಕದ್ದಮೆಯಲ್ಲಿ ಆ ಮುಚ್ಚಳಿಕೆಯ ಬೆಲೆ 2016ರಲ್ಲಿ ಸುಮಾರು ಆರು ಕೋಟಿ ಡಾಲರ್ ಆಯಿತು. ಅದನ್ನು ಕೇಳಿದ ಮೇಲೆ ಕಕ್ಷಿದಾರರು ಸುಮ್ಮನಾಗುತ್ತಾರೆ.

ಮೋಸ ಎಂಬ ಪದದ ಬಗ್ಗೆಯೂ ಹೇಳಬೇಕು. ನಾವು ಅದನ್ನು ಉಪ್ಪಿನಕಾಯಿಯಂತೆ ಬಳಸುತ್ತೇವೆ, ಪ್ರತಿ ವಾದಪತ್ರಕ್ಕೂ ಒಂದು ಚೂರು. ಕಾನೂನಿನಲ್ಲಿ ಅದರ ಅಳತೆ 1889ರ ಡೆರಿ ವಿರುದ್ಧ ಪೀಕ್ ಪ್ರಕರಣದಲ್ಲಿ ಸಿಕ್ಕಿತು. ಪ್ಲಿಮತ್ ಕಡೆಯ ಒಂದು ಟ್ರಾಮ್ ಕಂಪನಿ, ಕುದುರೆಯ ಬದಲು ಉಗಿಯಂತ್ರದಲ್ಲಿ ಗಾಡಿ ಓಡಿಸುವ ಹಕ್ಕು ತನಗಿದೆ ಎಂದು ಪ್ರಕಟಣೆ ಹೊರಡಿಸಿ ಷೇರು ಮಾರಿತು. ಅದಕ್ಕೆ ಸರ್ಕಾರಿ ಮಂಡಳಿಯ ಒಪ್ಪಿಗೆ ಬೇಕಿತ್ತು. ಸಿಕ್ಕೇ ಸಿಗುತ್ತದೆ ಎಂದು ನಿರ್ದೇಶಕರು ನಂಬಿದ್ದರು. ಬಹುಪಾಲು ಸಿಗಲಿಲ್ಲ, ಕಂಪನಿ ಮುಳುಗಿತು. ಷೇರು ಕೊಂಡವರು ಮೋಸ ಎಂದರು. ಅಲ್ಲ ಎಂದಿತು ಆಗ ಅಲ್ಲಿನ ಅತ್ಯುನ್ನತ ನ್ಯಾಯಾಲಯವಾಗಿದ್ದ ಹೌಸ್ ಆಫ್ ಲಾರ್ಡ್ಸ್. ಸುಳ್ಳೆಂದು ಗೊತ್ತಿದ್ದು ಹೇಳಿರಬೇಕು, ಅಥವಾ ನಿಜವೆಂಬ ನಂಬಿಕೆಯಿಲ್ಲದೆ ಹೇಳಿರಬೇಕು, ಅಥವಾ ನಿಜವೋ ಸುಳ್ಳೋ ಏನಾದರೂ ಆಗಲಿ ಎಂಬ ಉಡಾಫೆಯಿಂದ ಹೇಳಿರಬೇಕು. ಪ್ರಾಮಾಣಿಕ ಮೂರ್ಖತನ ಮೋಸವಲ್ಲ. ನನ್ನ ಅನುಭವದಲ್ಲಿ ವ್ಯಾಪಾರದ ಜಗಳಗಳಲ್ಲಿ ಮೋಸಕ್ಕಿಂತ ಪ್ರಾಮಾಣಿಕ ಮೂರ್ಖತನದ ಪಾಲೇ ದೊಡ್ಡದು, ಆದರೆ ಹಣ ಕಳೆದುಕೊಂಡವರಿಗೆ ಅದನ್ನು ಹೇಳಿದರೆ ಅವರು ಬೇರೆ ವಕೀಲರನ್ನು ಹುಡುಕುತ್ತಾರೆ.

ಮೋಸದ ಆರೋಪ ಬರೆಯುವಾಗ ವಿವರ ಕೊಡಬೇಕು ಎಂದು ನಮ್ಮ ಆದೇಶ 6ರ ನಿಯಮ 4 ಕೂಡ ಹೇಳುತ್ತದೆ. ಇಂಗ್ಲೆಂಡಿನಲ್ಲಿ ಅದರ ಮೇಲೆ ಇನ್ನೊಂದು ಬೀಗವಿದೆ: ಕಕ್ಷಿದಾರನ ಸ್ಪಷ್ಟ ಸೂಚನೆಯೂ, ಮೇಲ್ನೋಟಕ್ಕೆ ನಂಬಬಹುದಾದ ಆಧಾರವೂ ಕೈಯಲ್ಲಿ ಇಲ್ಲದೆ ಬ್ಯಾರಿಸ್ಟರ್ ಆ ಪದವನ್ನು ಬರೆಯುವಂತಿಲ್ಲ. ಬರೆದರೆ ಕಕ್ಷಿದಾರನಿಗಲ್ಲ, ವಕೀಲನಿಗೇ ತೊಂದರೆ. ವಾದಪತ್ರದ ಕರಡನ್ನು ಮೊದಲು ಬರೆಯುವವನು ಜೂನಿಯರ್. ಹಾಗಾಗಿ ಆ ಪದದ ಮೇಲೆ ಮೊದಲು ಪೆನ್ನು ನಿಲ್ಲುವುದು ಅವನದ್ದೇ. ಎಷ್ಟು ದೊಡ್ಡವರೂ ಇಲ್ಲಿ ಎಡವಬಲ್ಲರು. ಬಿಸಿಸಿಐ ಎಂಬ ಬ್ಯಾಂಕ್ (ಕ್ರಿಕೆಟ್ ಮಂಡಳಿಯಲ್ಲ) 1991ರಲ್ಲಿ ಮುಳುಗಿದ ಮೇಲೆ ಅದರ ಲಿಕ್ವಿಡೇಟರುಗಳು, ಅಂದರೆ ಅದರ ಲೆಕ್ಕ ಚುಕ್ತಾ ಮಾಡಲು ನೇಮಕವಾದವರು, ಬ್ಯಾಂಕ್ ಆಫ್ ಇಂಗ್ಲೆಂಡ್ ಮೇಲೆ, ಅಪ್ರಾಮಾಣಿಕತೆಯ ಆರೋಪವೂ ಸೇರಿದಂತೆ, ಮೊಕದ್ದಮೆ ಹೂಡಿದರು. ವಾದಿಗಳ ಆರಂಭದ ಭಾಷಣವೇ ಎಂಬತ್ತು ದಿನ. ಬ್ಯಾಂಕಿನ ಕಡೆಯ ಉತ್ತರ ನೂರಾ ಹತ್ತೊಂಬತ್ತು ದಿನ. ನಮ್ಮಲ್ಲಿ ವಾಯಿದೆ ಬಹಳ ಎಂದು ಬೇಸರಪಡುವವರು ಇದನ್ನು ನೆನಪಿಡಿ. 2005ರ ನವೆಂಬರಿನಲ್ಲಿ ವಾದಿಗಳೇ ಮೊಕದ್ದಮೆ ಕೈಬಿಟ್ಟರು.

ಹೊಸ ಕಾಲದ ಮೋಸಗಳ ಬಗ್ಗೆ ಪ್ರಶ್ನೆ ಬರುತ್ತದೆ ಎಂದು ಗೊತ್ತು, ಅದಕ್ಕೆ ಎರಡು ಮಾತು. ಎದುರಾಳಿ ಯಾರೆಂದೇ ಗೊತ್ತಿಲ್ಲದ ಕೇಸುಗಳು ಈಗ ಹೇರಳ; ದಾವೆಯನ್ನು 'ಅಪರಿಚಿತ ವ್ಯಕ್ತಿಗಳ' ಮೇಲೆ ಹೂಡುತ್ತಾರೆ. ಬಿಟ್‌ಕಾಯಿನ್ ಕೂಡ ಆಸ್ತಿಯೇ ಎಂದು ಲಂಡನ್ನಿನ ಕಮರ್ಷಿಯಲ್ ಕೋರ್ಟ್ 2019ರಲ್ಲಿ ಹೇಳಿತು. 2022ರಲ್ಲಿ ಒಂದು ಪ್ರಕರಣದಲ್ಲಿ ಮೋಸಗಾರರ ಡಿಜಿಟಲ್ ತಿಜೋರಿಗೇ ಎನ್‌ಎಫ್‌ಟಿ ಎಂಬ ಡಿಜಿಟಲ್ ಟೋಕನ್ ಮೂಲಕ ದಾವೆಯ ಕಾಗದ ಜಾರಿ ಮಾಡಲು ಒಪ್ಪಿಗೆ ಸಿಕ್ಕಿತು. ನಮ್ಮ ಅಮೀನರು ಬಾಗಿಲಿಗೆ ನೋಟಿಸ್ ಅಂಟಿಸುವುದಕ್ಕೂ, ಜಪ್ತಿಯನ್ನು ತಮಟೆ ಬಾರಿಸಿ ಸಾರುವುದಕ್ಕೂ ಇದಕ್ಕೂ ನನಗೆ ದೊಡ್ಡ ಅಂತರ ಕಾಣಲಿಲ್ಲ. ಇನ್ನು ಕೃತಕ ಬುದ್ಧಿಮತ್ತೆಯಿಂದ ತೀರ್ಪು ಹುಡುಕುವವರಿಗೆ: 2025ರ ಜೂನ್‌ನಲ್ಲಿ ಲಂಡನ್ನಿನ ಹೈಕೋರ್ಟ್, ಇಲ್ಲದ ತೀರ್ಪುಗಳನ್ನು ಉಲ್ಲೇಖಿಸಿದ ವಕೀಲರಿಗೆ ಕಟುವಾಗಿ ಎಚ್ಚರಿಕೆ ಕೊಟ್ಟಿದೆ. ಇಲ್ಲದ ತೀರ್ಪನ್ನು ಮುಂದಿಡುವುದು, ಇರುವ ಕಾಗದವನ್ನು ಮುಚ್ಚಿಡುವುದು, ಎರಡೂ ಒಂದೇ ಮನೆಯ ಅಣ್ಣತಮ್ಮಂದಿರು.

ಪತ್ರಕ್ಕೆ ಬರುತ್ತೇನೆ.

ಮರುದಿನ ಬೆಳಿಗ್ಗೆ ನನ್ನ ಸಿಲ್ಕ್ ಹತ್ತಿರ ಓಡಿ, 020 ತೋರಿಸಿದೆ. ಅವರು ನಗಲಿಲ್ಲ, ಹೊಗಳಲಿಲ್ಲ. ನಕಲಿ ಎಂದು ಬರೆಯುವ ಮೊದಲು, ಇದು ಅಸಲಿಯೇ ಆಗಿದ್ದರೆ ಈ ಸಂಖ್ಯೆ ಇಲ್ಲಿಗೆ ಹೇಗೆ ಬಂದಿರಬಹುದು ಎಂದು ಒಂದು ಪುಟ ಬರೆದುಕೊಂಡು ಬಾ ಎಂದರು. ಅವನ ವಕೀಲಳು ನೀನೇ ಎಂದುಕೊಂಡು ಬರೆ ಎಂದೂ ಸೇರಿಸಿದರು. ನನಗೆ ಸಿಟ್ಟು ಬಂತು. ಎರಡು ದಿನ ಆ ಪುಟ ಖಾಲಿಯೇ ಇತ್ತು. ಮೂರನೆಯ ದಿನ, ಬೇರೇನೂ ತೋಚದೆ, ನಮ್ಮ ಕಕ್ಷಿದಾರರು ಕೊಟ್ಟಿದ್ದ ರಟ್ಟಿನ ಪೆಟ್ಟಿಗೆಗಳನ್ನು ಮತ್ತೆ ತೆಗೆದೆ. ಮನೆಯ ತೆರಿಗೆ, ಶಾಲೆಯ ಫೀಸು, ಹಳೆಯ ವಿಮೆ. ಯಾರಿಗೂ ಬೇಡವಾದ ಕಾಗದಗಳು. ಅದರೊಳಗೆ ಅದೇ ಲೆಕ್ಕಪರಿಶೋಧಕರ ಇನ್ನೊಂದು ಪತ್ರ, 1996ರದ್ದು. ತೆರಿಗೆ ಕಟ್ಟಿದ ವಿಷಯ, ಯಾರ ತಕರಾರೂ ಇಲ್ಲದ್ದು. ಅದರ ತಲೆಯಲ್ಲೂ 020 7 ಇತ್ತು. ಅದಕ್ಕೆ ಪಿನ್ನು ಹಾಕಿದ್ದ ಚೀಟಿ 2003ರದ್ದು: ತಾವು ಕೇಳಿದ ಹಳೆಯ ಪತ್ರದ ಪ್ರತಿಯನ್ನು ನಮ್ಮ ಕಂಪ್ಯೂಟರಿನಿಂದ ಮುದ್ರಿಸಿ ಕಳುಹಿಸಿದ್ದೇವೆ.

ಅಂದರೆ ಆ ಕಚೇರಿಯ ಕಂಪ್ಯೂಟರಿನಲ್ಲಿ ಪತ್ರದ ಒಡಲು ಹಳೆಯದಾಗಿಯೇ ಉಳಿಯುತ್ತಿತ್ತು, ತಲೆ ಮಾತ್ರ ಹೊಸದಾಗುತ್ತಿತ್ತು. ಪೆಟ್ಟಿಗೆಯ ಮುಂದೆ ನೆಲದ ಮೇಲೆ ಕುಳಿತಿದ್ದ ನನಗೆ ಬಂದ ಮೊದಲ ಯೋಚನೆಯನ್ನು ಮುಚ್ಚಿಡುವುದಿಲ್ಲ. ಈ ಪೆಟ್ಟಿಗೆ ನಮ್ಮದು. ಇದು ಇದೆ ಎಂದು ಎದುರಾಳಿಗೆ ಗೊತ್ತಿಲ್ಲ. ಪಿನ್ನು ತೆಗೆದು, ಚೀಟಿಯನ್ನು ವಿಮೆಯ ಕಾಗದಗಳೊಳಗೆ ಸೇರಿಸಿಟ್ಟರೆ ದೇವರಿಗೂ ಗೊತ್ತಾಗುವುದಿಲ್ಲ.

ಆ ಚೀಟಿ ನಮ್ಮ ಅಫಿಡವಿಟ್ಟಿನ 43ನೇ ಪ್ಯಾರಾ ಆಯಿತು. ಪತ್ರ ನಕಲಿ ಎಂಬ ಮಾತನ್ನು ತೆಗೆದೆವು; ಪತ್ರದ ಬಗ್ಗೆ ಅನುಮಾನಗಳಿವೆ, ಆದರೆ ಸಂಖ್ಯೆಗೆ ಈ ವಿವರಣೆಯೂ ಸಾಧ್ಯ ಎಂದಷ್ಟೇ ಬರೆದೆವು. ಸಿಲ್ಕ್ ವಾದ ಶುರು ಮಾಡಿದ್ದೇ 43ನೇ ಪ್ಯಾರಾದಿಂದ. ನ್ಯಾಯಾಧೀಶರು ಚೀಟಿಯನ್ನು ಎರಡು ಸಲ ಓದಿದರು, ಆಮೇಲೆ ಬ್ಯಾಂಕ್ ವರ್ಗಾವಣೆಗಳಿಗೆ ಬನ್ನಿ ಎಂದರು. ಕೊನೆಯ ಆರು ವಾರಗಳಲ್ಲಿ ಹಣ ಹೋದ ರೀತಿ ನೋಡಿ ತಡೆ ಕೊಟ್ಟರು. ಎರಡು ವಾರದ ಮೇಲೆ ಎದುರು ಮೇಜಿನಲ್ಲಿ ಜನ ಬಂದು ಕುಳಿತರು, ಆದೇಶ ತೆರವುಗೊಳಿಸಲು ವಾದಿಸಿದರು. ಮುಚ್ಚಿಟ್ಟಿದ್ದಾರೆ ಎಂಬ ವಾದ ಮಾತ್ರ ಅವರ ಬಾಯಲ್ಲಿ ಬರಲಿಲ್ಲ. ಆದೇಶ ಉಳಿಯಿತು.

ಅದಾಗಿ ಸುಮಾರು ಎಂಟು ತಿಂಗಳಿಗೆ, ಆ ಲೆಕ್ಕಪರಿಶೋಧಕರ ಹಳೆಯ ಗೋದಾಮಿನಿಂದ ಮೂಲ ಪತ್ರ ಸಿಕ್ಕಿತು. ತೆಳು ಹಳದಿ ಬಣ್ಣಕ್ಕೆ ತಿರುಗಿದ ಹಾಳೆ, ನೀಲಿ ಶಾಯಿಯ ಸಹಿ. ದೂರವಾಣಿ ಸಂಖ್ಯೆ 0171 ಎಂದು ಶುರುವಾಗುತ್ತಿತ್ತು.